ಪಿಎಚ್‌ಡಿ ಡೇಟಾ: ಹೊರಗೆ ಕೊಡೋದಾ, ನಾವೇ ಕಲಿಯೋದಾ? ಅನುಭವ ಇದ್ದವರು ಹೇಳಿ

ಪ್ರಶ್ನೆ (ಹಾವೇರಿ): ಸಮಾಜಶಾಸ್ತ್ರದಲ್ಲಿ ಪಿಎಚ್‌ಡಿ, ಮೂರನೇ ವರ್ಷ. ಸ್ತ್ರೀಶಕ್ತಿ ಗುಂಪುಗಳ 300 ಮಹಿಳೆಯರಿಂದ ಪ್ರಶ್ನಾವಳಿ ತುಂಬಿಸಿದ್ದೇನೆ. ಲೆಕ್ಕ ಬಿಟ್ಟದ್ದು ಎಸ್ಸೆಸ್ಸೆಲ್ಸಿಯಲ್ಲಿ. ಗೈಡ್ ‘ಎಸ್‌ಪಿಎಸ್‌ಎಸ್‌ಗೆ ಹಾಕಿಸು’ ಅಂದರು; ಅದು ಅಂಕಿಅಂಶ ಲೆಕ್ಕ ಹಾಕುವ ಸಾಫ್ಟ್‌ವೇರ್ ಅಂತೆ. ಏನು ಮಾಡಲಿ?

ದಾವಣಗೆರೆ: ಹೊರಗೆ ಕೊಡಲೇಬೇಡಿ ತಂಗಿ. ನನ್ನವು 412 ಪ್ರಶ್ನಾವಳಿ. ಎಂಟ್ರಿಗೆ ಒಂದಕ್ಕೆ 15 ರೂಪಾಯಿಯಂತೆ 6,180. ಅನಾಲಿಸಿಸ್‌ಗೆ 14,000. ಟೇಬಲ್ ತಿದ್ದೋಕೆ ಮತ್ತೆ 3,500. ಒಟ್ಟು 23,680 ಕೊಟ್ಟೆ. ಜಾತಿಗೂ ಓದಿಗೂ ಸಂಬಂಧ ಇದೆಯಾ ಅಂತ ನೋಡುವ ಕೈ-ಸ್ಕ್ವೇರ್ ಪರೀಕ್ಷೆ ಮಾಡಿಸಿದ್ದೆ. ಜಾತಿ ಏಳು ವರ್ಗ, ಓದು ಆರು ವರ್ಗ, ಅಂದರೆ ಟೇಬಲಿನಲ್ಲಿ 42 ಸೆಲ್ (ಚೌಕ). ಅದರಲ್ಲಿ 19 ಸೆಲ್‌ಗಳ ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆ; ಅಷ್ಟಿದ್ದರೆ ಫಲಿತಾಂಶ ನಂಬೋಕಾಗಲ್ಲ. ಎಷ್ಟು ಸೆಲ್ ಹೀಗಿವೆ ಅಂತ ಎಸ್‌ಪಿಎಸ್‌ಎಸ್ ಟೇಬಲಿನ ಕೆಳಗೇ ಬರೆದು ತೋರಿಸುತ್ತದೆ. ಟೈಪ್ ಮಾಡಿಕೊಟ್ಟವರು ಆ ಸಾಲನ್ನೇ ಅಳಿಸಿದ್ದರು. ವೈವಾದಲ್ಲಿ ಹೊರಗಿನ ಪರೀಕ್ಷಕರು ಅದನ್ನೇ ಕೇಳಿದರು. ನಾನು ಬಾಯಿ ಬಿಡಲಿಲ್ಲ. ತಿದ್ದಿ ಕೊಡೋಕೆ ಎಂಟು ತಿಂಗಳು ಹಿಡಿಯಿತು. ಫೆಲೋಶಿಪ್ ಆಗಲೇ ಮುಗಿದಿತ್ತು. ಕೊನೆಗೆ ಏಳು ವರ್ಗವನ್ನು ಮೂರಕ್ಕೆ ಇಳಿಸಿದೆ, ಪಾಸಾಯಿತು.

ಧಾರವಾಡ: ಆರ್ ಅನ್ನೋ ಅಂಕಿಅಂಶ ಸಾಫ್ಟ್‌ವೇರ್ ಕಲಿಯಿರಿ. ದುಡ್ಡು ಬೇಡ, ಹಳೇ ಲ್ಯಾಪ್‌ಟಾಪ್ ಸಾಕು. ನಾನು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು, 2019-21ರದ್ದು, ತಗೊಂಡಿದ್ದೆ. ಆಗ ಅರ್ಜಿ ಹಾಕಿದರೆ ಉಚಿತವಾಗಿ ಸಿಗುತ್ತಿತ್ತು. ಎರಡು ತಿಂಗಳು ಟೇಬಲ್ ಮಾಡಿದೆ. ಆಮೇಲೆ ಗೊತ್ತಾಯಿತು, ವೆಯ್ಟ್ (ಪ್ರತಿ ಉತ್ತರಕ್ಕೆ ಜನಸಂಖ್ಯೆಗೆ ತಕ್ಕಂತೆ ಕೊಡುವ ತೂಕ) ಹಾಕಿಯೇ ಇಲ್ಲ! ಜಿಲ್ಲಾವಾರು ಅಂಕಿ ಬರಲಿ ಅಂತ ಆ ಸಮೀಕ್ಷೆಯಲ್ಲಿ ಕೊಡಗಿನಂಥ ಸಣ್ಣ ಜಿಲ್ಲೆಯಿಂದಲೂ ಬೇಕಾದಷ್ಟು ಮನೆ ಆರಿಸುತ್ತಾರೆ. ಜನಸಂಖ್ಯೆಯ ಅಳತೆಗೆ ಅದು ಕೂರುವುದಿಲ್ಲ. ವಿ005 ಅನ್ನೋ ಕಾಲಂ ಅನ್ನು ಹತ್ತು ಲಕ್ಷದಿಂದ ಭಾಗಿಸಿ ವೆಯ್ಟ್ ಕೊಡಬೇಕು. ಎಲ್ಲ ಅಳಿಸಿ ಮತ್ತೆ ಶುರು ಮಾಡಿದೆ. ಒಂದು ರೂಪಾಯಿ ಯಾರಿಗೂ ಕೊಡಲಿಲ್ಲ.

ಮಂಡ್ಯ: ಟೇಬಲ್, ಟೇಬಲ್! ನಾನೂ 250 ತುಂಬಿಸಿದವಳು. ‘ಮನೆಯಲ್ಲಿ ದುಡ್ಡಿನ ತೀರ್ಮಾನ ಯಾರದು?’ ಅಂತ ಕೇಳಿದರೆ ಪಕ್ಕದಲ್ಲಿ ಗಂಡ ಕೂತಿರುತ್ತಿದ್ದ. ‘ಇಬ್ಬರೂ ಸೇರಿ’ ಅಂತ ಟಿಕ್. ಅದೇ ಹೆಂಗಸು ಬಟ್ಟೆ ಒಗೆಯುವಾಗ ಬೇರೆಯೇ ಹೇಳಿದಳು. ಪ್ರಶ್ನಾವಳಿ ಕಟ್ಟಿಟ್ಟೆ. ಒಂದೂವರೆ ವರ್ಷ ಒಂದೇ ಊರಲ್ಲಿ ಇದ್ದೆ. ಬಾಡಿಗೆ ತಿಂಗಳಿಗೆ 1,800. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಟಿಪ್ಪಣಿ ಬೆಂಕಿಗೆ ಹೋದಾಗ ಅವರು ತಾವು ಇದ್ದು ಅಧ್ಯಯನ ಮಾಡಿದ್ದ ಮೈಸೂರು ಕಡೆಯ ಹಳ್ಳಿ ರಾಂಪುರದ ಬಗ್ಗೆ ನೆನಪಿನಿಂದಲೇ ಬರೆದರು. ಊರು ಮೈಗೆ ಹತ್ತಿದರೆ ಆ ಶಕ್ತಿ ಬರುತ್ತದೆ.

ಧಾರವಾಡ: ಮೇಡಂ, ಅದು ಶ್ರೀನಿವಾಸರಿಗೆ ಆಯಿತು. ಒಂದು ಊರು ನೋಡಿ ಇಡೀ ಜಿಲ್ಲೆಯ ಮಾತಾಡೋಕೆ ಬರುತ್ತಾ?

ಮಂಡ್ಯ: ನಾನು ಜಿಲ್ಲೆಯ ಮಾತು ಎಲ್ಲಿ ಆಡಿದೆ? ಸರಿಯಾಗಿ ಓದಿ. ಗಂಡನ ಎದುರು ಕೊಟ್ಟ ಉತ್ತರಕ್ಕೆ ಯಾವ ವೆಯ್ಟ್ ಹಾಕುತ್ತೀರಿ?

ಬಳ್ಳಾರಿ: ದಾವಣಗೆರೆಯವರೇ, ಏಳನ್ನು ಮೂರಕ್ಕೆ ಇಳಿಸಿದೆ ಅಂದಿರಲ್ಲ, ಯಾರನ್ನು ಯಾರ ಜೊತೆ ಸೇರಿಸಿದಿರಿ?

ದಾವಣಗೆರೆ: ಎಸ್‌ಸಿ, ಎಸ್‌ಟಿ ಒಂದು. ಹಿಂದುಳಿದವರೆಲ್ಲ ಒಂದು. ಉಳಿದವರು ಒಂದು. ಎಲ್ಲರೂ ಹಾಗೇ ಮಾಡುತ್ತಾರೆ.

ಬಳ್ಳಾರಿ: ಎಲ್ಲರೂ ಮಾಡುತ್ತಾರೆ, ಅದೇ ನನ್ನ ಸಂಕಟ. ನಮ್ಮ ಕಡೆ ವಾಲ್ಮೀಕಿ ನಾಯಕರು ಎಸ್‌ಟಿ, ಮಾದಿಗರು ಎಸ್‌ಸಿ. ಒಂದೇ ಊರಲ್ಲಿ ಅವರ ಸ್ಥಾನ ಒಂದೇನಾ? ನಾನು ಮಾದಿಗರ ಮನೆಯವನು. ಪರೀಕ್ಷೆ ಪಾಸಾಗಲಿ ಅಂತ ನಮ್ಮನ್ನು ಬೇರೆಯವರ ಸೆಲ್‌ಗೆ ಹಾಕಿದಿರಿ. ನಾನು ಹಾಕಲಿಲ್ಲ. ಓದಿನ ಕಡೆ ಆರನ್ನು ಮೂರು ಮಾಡಿದೆ, ಜಾತಿ ಮುಟ್ಟಲಿಲ್ಲ. ಅದಕ್ಕೆ 60 ಮನೆ ಜಾಸ್ತಿ ಹೋದೆ. ಬಸ್ಸು, ಊಟ ಸೇರಿ 4,200 ಆಯಿತು.

ದಾವಣಗೆರೆ: ನನಗೆ ಫೆಲೋಶಿಪ್ ನಿಂತಿತ್ತು, ಮನೆಯಲ್ಲಿ ಮಗು. 60 ಮನೆ ಎಲ್ಲಿಂದ ತರಲಿ?

ಧಾರವಾಡ: ಫಿಷರ್ ಪರೀಕ್ಷೆ ಸಣ್ಣ ಸಂಖ್ಯೆಗೇ ಇರೋದು. ಆರ್‌ನಲ್ಲಿ ಒಂದು ಸಾಲು. ಯಾರನ್ನೂ ಸೇರಿಸಬೇಕಿರಲಿಲ್ಲ.

ದಾವಣಗೆರೆ: ಆಗ ನನಗೆ ಯಾರು ಹೇಳಿದರು?

ಹಾವೇರಿ: ನನ್ನ ಪ್ರಶ್ನಾವಳಿಯಲ್ಲಿ ಜಾತಿಗೆ ಎಸ್‌ಸಿ, ಎಸ್‌ಟಿ, ಒಬಿಸಿ, ಇತರೆ ಅಂತ ಮಾತ್ರ ಇದೆ. ಜಾತಿಯ ಹೆಸರು ಬರೆಸಿಕೊಂಡಿಲ್ಲ. 300 ಮನೆಗೂ ಮತ್ತೆ ಹೋಗಬೇಕಾ?

ಬಳ್ಳಾರಿ: ಗುಂಪಿನ ಪುಸ್ತಕ ಬರೆಯುವ ಅಕ್ಕನನ್ನು ಮೊದಲು ಕೇಳಿ. ಅವರ ಹತ್ತಿರ ಸದಸ್ಯರ ಪಟ್ಟಿ ಇರುತ್ತದೆ.