ಹಿತ್ತಲಲ್ಲಿ ಗುರಿ ಅಭ್ಯಾಸ: ಸದ್ದು ಕಡಿಮೆ ಇರೋ ಏರ್ ರೈಫಲ್ ಯಾವುದು?

ಪ್ರಶ್ನೆ:
ಹಾಸನದಲ್ಲಿ ಮನೆ. ಹಿತ್ತಲು 45 ಅಡಿ ಉದ್ದ, ಕೊನೆಗೆ ಏಳಡಿ ಕಾಂಪೌಂಡ್ ಗೋಡೆ. ಪಕ್ಕದ ಮನೆಯಲ್ಲಿ ಕೂಸಿದೆ, ಅದಕ್ಕೇ ಸದ್ದಿನ ಚಿಂತೆ. ಕಾಗದದ ಗುರಿಗೆ ಹೊಡೆಯೋದು ಬಿಟ್ಟರೆ ಬೇರೇನಿಲ್ಲ. ಸ್ಪ್ರಿಂಗ್, ಗ್ಯಾಸ್ ಪಿಸ್ಟನ್ (ಸ್ಪ್ರಿಂಗ್ ಬದಲು ಒತ್ತಿದ ಗ್ಯಾಸ್ ತಳ್ಳೋದು), ಪಿಸಿಪಿ (ಸಿಲಿಂಡರ್‌ಗೆ ಮೊದಲೇ ಗಾಳಿ ತುಂಬಿಡೋದು), ಇವುಗಳಲ್ಲಿ ಯಾವುದು ಸರಿ? ಅಂಗಡಿಯಲ್ಲಿ ಸ್ಪೀಡ್ ಜಾಸ್ತಿ ಇರೋದನ್ನೇ ತೋರಿಸ್ತಾರೆ.

ಉತ್ತರ 1:
ಆ ಸ್ಪೀಡೇ ನಿಮಗೆ ಬೇಡದ್ದು ಸರ್. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್, ಅಂದರೆ 1,100 ಅಡಿಗೆ ಸ್ವಲ್ಪ ಮೇಲೆ. ಹಗುರ ಪೆಲೆಟ್ (ಏರ್ ರೈಫಲ್‌ನ ಚಿಕ್ಕ ಗುಂಡು) ಹಾಕಿ ಅದನ್ನು ದಾಟಿಸಿದರೆ ಚಟ್ ಅಂತ ಸಿಡಿಯುತ್ತದೆ, ಗುರಿಯೂ ಚದುರುತ್ತದೆ. 10 ಮೀಟರ್ ಸ್ಪರ್ಧೆಯ ರೈಫಲ್‌ಗಳೇ ಸುಮಾರು 7.5 ಜೂಲ್ ಶಕ್ತಿಯಲ್ಲಿ ಕೆಲಸ ಮಾಡುತ್ತವೆ: 0.53 ಗ್ರಾಂ ಪೆಲೆಟ್, ಸೆಕೆಂಡಿಗೆ 170 ಮೀಟರ್ ಆಸುಪಾಸು. ನಿಮಗೆ 8ರಿಂದ 12 ಜೂಲ್ ಧಾರಾಳ. ಲೈಸೆನ್ಸ್ ಬೇಡದ ಮಿತಿ 4.5 ಮಿ.ಮೀ. ಬೋರ್ (ನಳಿಗೆಯ ಒಳ ಅಗಲ), 20 ಜೂಲ್, ಬಿಲ್ ಜೋಪಾನ.

ಪಿಸಿಪಿಗೆ ಒದೆತ ಇಲ್ಲವೆನ್ನುವಷ್ಟು ಕಡಿಮೆ, ಗುರಿ ಚೆನ್ನ. ಆದರೆ ಬರಿ ನಳಿಗೆಯದ್ದಾದರೆ (ಸದ್ದು ತಗ್ಗಿಸೋ ಹೊದಿಕೆ ಇಲ್ಲದ್ದು) ಬಾಯಲ್ಲಿ ಗಾಳಿ ಒಮ್ಮೆಲೇ ನುಗ್ಗಿ ಮೂರರಲ್ಲೂ ಜೋರು ಅದೇ. 200 ಬಾರ್ ಒತ್ತಡದವರೆಗೆ ಕೈಪಂಪಲ್ಲಿ ತುಂಬೋದೂ ಬೆವರಿನ ಕೆಲಸ, ಮಲೆನಾಡಿನ ತೇವದ ಗಾಳಿಯಲ್ಲಿ ಸಿಲಿಂಡರ್ ಒಳಗೆ ನೀರಿಳಿಯುತ್ತದೆ. ಸ್ಪ್ರಿಂಗ್‌ನದ್ದು "ಟಣ್" ಅಂತ ಕಂಪಿಸುತ್ತದೆ. ಗ್ಯಾಸ್ ಪಿಸ್ಟನ್‌ನಲ್ಲಿ ಆ ಟಣತ್ಕಾರ ಇಲ್ಲ, ಬರೀ "ಧಪ್". ನನ್ನ ಓಟು ಕಡಿಮೆ ಶಕ್ತಿಯ ಗ್ಯಾಸ್ ಪಿಸ್ಟನ್‌ಗೆ.

ಉತ್ತರ 2:
ಪಕ್ಕದವರಿಗೆ ಕೇಳಿಸೋದು ಬಹುಪಾಲು ಪೆಲೆಟ್ ಬಡಿಯೋ ಸದ್ದು. ತಗಡಿನ ಡಬ್ಬಿ ನೇತುಹಾಕಿದರೆ ಎಂಥ ರೈಫಲ್ ತಂದರೂ ದಂಡ. 18 ಮಿ.ಮೀ. ಪ್ಲೈವುಡ್‌ನಲ್ಲಿ ಒಂದೂವರೆ ಅಡಿ ಚೌಕದ, ಒಂದಡಿ ಆಳದ ಪೆಟ್ಟಿಗೆ ಮಾಡಿಸಿ. ಹಳೇ ಕಾಫಿ ಗೋಣಿಚೀಲ, ಸೀರೆ, ಚಿಂದಿ ಎಲ್ಲ ಒದ್ದು ಒದ್ದು ತುಂಬಿ. ಬೆರಳು ತೂರಬಾರದು, ಅಷ್ಟು ಬಿಗಿ. ಹಿಂಬದಿಗೆ 3 ಮಿ.ಮೀ. ಕಬ್ಬಿಣದ ಹಾಳೆ, ಮುಂದೆ ರಟ್ಟಿಗೆ ಗುರಿ ಕಾಗದ. ಒಂದೇ ಜಾಗಕ್ಕೆ ಹೊಡೆದೂ ಹೊಡೆದೂ ನಡುವೆ ಗೂಡಾಗುತ್ತದೆ, ಆಮೇಲೆ ಪೆಲೆಟ್ ಕಬ್ಬಿಣಕ್ಕೇ ಹೋಗಿ ಠಣಕ್ಕನ್ನುತ್ತದೆ. ಆ ಸದ್ದು ಬಂತೆಂದರೆ ಬಟ್ಟೆ ತಿರುವಿ ತುಂಬಿ. ಸೀಸ ಬಿದ್ದಿರುತ್ತದೆ, ಕೈ ಸೋಪಲ್ಲಿ ತೊಳೆಯಿರಿ.

10 ಮೀಟರಿಗೆ ಚಪ್ಪಟೆ ಮೂತಿಯ ಪೆಲೆಟ್ಟೇ ಒಳ್ಳೆಯದು, ಕಾಗದದಲ್ಲಿ ದುಂಡಗೆ ತೂತು ಕೊರೆಯುತ್ತದೆ. ಹಿಂಬದಿಯ ಅಂಚು ಸೊಟ್ಟಗಾದದ್ದನ್ನು ಆರಿಸಿ ಬಿಸಾಡಿ.

ಉತ್ತರ 3:
ಹೊಸ ರೈಫಲ್ ಮೊದಮೊದಲು ಹೊಗೆ ಬಿಟ್ಟು ಪಟಾಕಿ ಥರ ಸಿಡಿಯಬಹುದು. ಒಳಗಿನ ಎಣ್ಣೆ ಒತ್ತಡದ ಬಿಸಿಗೆ ಹೊತ್ತಿಕೊಳ್ಳೋದು ಅದು, ಸವೆದಂತೆ ನಿಲ್ಲುತ್ತದೆ. ನಿಲ್ಲಲಿಲ್ಲ ಅಂತ ಮತ್ತೆ ಎಣ್ಣೆ ಬಿಟ್ಟರೆ ಪಿಸ್ಟನ್ ಸೀಲ್ ಸುಟ್ಟುಹೋಗುತ್ತದೆ. ಪೆಲೆಟ್ ಇಲ್ಲದೆ ಖಾಲಿ ಹೊಡೆಯಬೇಡಿ, ತಡೆಯೋ ಗಾಳಿ ಇಲ್ಲದೆ ಪಿಸ್ಟನ್ ತುದಿಗೆ ಅಪ್ಪಳಿಸುತ್ತದೆ.

ಹಿಡಿತ ಬಿಗಿ ಮಾಡಿದಷ್ಟೂ ಕಾಗದದ ಮೇಲಿನ ತೂತುಗಳ ಗುಂಪು ಚದುರುತ್ತದೆ. ಎಡ ಅಂಗೈ ಮೇಲೆ ಸುಮ್ಮನೆ ಮಲಗಿಸಿ, ಒದೆತಕ್ಕೆ ಬಿಡಿ. ಗುರಿ ಏಕಾಏಕಿ ತಪ್ಪತೊಡಗಿದರೆ ಮೊದಲು ಸ್ಟಾಕ್ (ರೈಫಲ್‌ನ ಹಿಡಿ ಭಾಗ) ಸ್ಕ್ರೂ ನೋಡಿ, ಹತ್ತರಲ್ಲಿ ಎಂಟು ಸಲ ಅದೇ ಸಡಿಲ. ಸ್ಕೋಪ್ ಹಾಕೋದಾದರೆ ಏರ್ ಗನ್‌ಗೆಂದೇ ಮಾಡಿದ್ದಿರಲಿ: ಪಿಸ್ಟನ್ ರೈಫಲ್ ಹಿಂದಕ್ಕೂ ಮುಂದಕ್ಕೂ ಒದೆಯುತ್ತದೆ, ಬೇರೆ ಸ್ಕೋಪ್ ಹಾಳಾಗಬಹುದು.

ಮಳೆಗಾಲದಲ್ಲಿ ಕವರ್‌ನೊಳಗೆ ಇಡಬೇಡಿ, ತುಕ್ಕು ಅಲ್ಲೇ ಶುರು. ಮುಟ್ಟಿದ ಮೇಲೆಲ್ಲ ಎಣ್ಣೆಬಟ್ಟೆ ಸವರಿ. ಮುಖ್ಯ ಮಾತು: ಗೋಡೆಗೆ ಪಕ್ಕದ ಗೇಟೇನಾದರೂ ಇದ್ದರೆ ಒಳಚಿಲಕ ಹಾಕಿಯೇ ಪೆಲೆಟ್ ತುಂಬಿ.