ಗೊಂಬೆಗಳೇ ಇಲ್ಲದ ‘ಡ್ಯಾನ್ಸಿಂಗ್ ಮೆನ್’

ಪ್ರಶ್ನೆ:
ಅಗ್ಗಕ್ಕೆ ಸಿಕ್ಕಿತು ಅಂತ ಷರ್ಲಾಕ್ ಹೋಮ್ಸ್ ಕಥೆಗಳ ಇಬುಕ್ ಕೊಂಡೆ. 1903ರ ‘ಡ್ಯಾನ್ಸಿಂಗ್ ಮೆನ್’ ಕಥೆ ತೆರೆದರೆ, ಕುಣಿಯುವ ಗೊಂಬೆಗಳ ಚಿತ್ರ ಇರಬೇಕಾದ ಕಡೆಯೆಲ್ಲ ಖಾಲಿ ಜಾಗ! ‘ಈ ಚಿತ್ರ ನೋಡು’ ಅನ್ನುತ್ತಾರೆ, ನೋಡೋಕೆ ಏನೂ ಇಲ್ಲ. ಎಲ್ಲ ಪ್ರತಿಗಳೂ ಹೀಗೇನಾ?

ಉತ್ತರ 1:
ಇಲ್ಲ. ಹೋಮ್ಸ್ ಕಥೆಗಳನ್ನು ಬರೆದ ಆರ್ಥರ್ ಕಾನನ್ ಡಾಯ್ಲ್ 1930ರಲ್ಲೇ ತೀರಿಕೊಂಡರು, ಕಾಪಿರೈಟ್ ಯಾವಾಗಲೋ ಮುಗಿದಿದೆ, ಹಾಗಾಗಿ ಯಾರು ಬೇಕಾದರೂ ಎಲ್ಲೋ ಸಿಕ್ಕ ಸಾದಾ ಟೆಕ್ಸ್ಟ್ ಫೈಲಿಗೆ ಥಳಕಿನ ಕವರ್ ಹಾಕಿ ಮಾರಬಹುದು. ಸಾದಾ ಟೆಕ್ಸ್ಟ್‌ನಲ್ಲಿ ಚಿತ್ರ ಉಳಿಯಲ್ಲ ಅಷ್ಟೇ.

ಉತ್ತರ 2:
ಈ ಕಥೆಗೆ ಅದು ದೊಡ್ಡ ಅನ್ಯಾಯ. ಇಲ್ಲಿ ಗೊಂಬೆಗಳೇ ಗುಪ್ತಲಿಪಿ, ಒಂದೊಂದು ಗೊಂಬೆಯೂ ಒಂದೊಂದು ಅಕ್ಷರ. ಬಾವುಟ ಹಿಡಿದ ಗೊಂಬೆ ಬಂದರೆ ಅಲ್ಲಿಗೆ ಒಂದು ಪದ ಮುಗಿಯಿತು ಅಂತ, ಜಾಸ್ತಿ ಸಲ ಬರುವ ಗೊಂಬೆ ಇಂಗ್ಲಿಷಿನ ‘ಇ’ (E) ಅಕ್ಷರ ಅಂತ ಹೋಮ್ಸ್ ಬಿಡಿಸುತ್ತಾ ಹೋಗುವಾಗ ನಾವೂ ಜೊತೆಗೆ ಲೆಕ್ಕ ಹಾಕಬೇಕು. ಅದೇ ಮಜಾ! ಪತ್ತೇದಾರಿ ಲೇಖಕಿ ಅಗಾಥಾ ಕ್ರಿಸ್ಟಿಯ ಮೊದಲ ಕಾದಂಬರಿ ‘ದ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್’ನಲ್ಲೂ ಮನೆಯ ನಕ್ಷೆ ಇದೆ, ಅಗ್ಗದ ಪ್ರತಿ ಕೊಳ್ಳುವ ಮೊದಲು ಅದು ಇದೆಯಾ ನೋಡಿ. ಇನ್ನು ಸ್ಕ್ಯಾನ್ ಮಾಡಿ ಯಾರೂ ತಿದ್ದದ ಪುಸ್ತಕಗಳಲ್ಲಿ ಉದ್ಧರಣ ಚಿಹ್ನೆಗಳೇ ಮಾಯ, ಸಾಕ್ಷಿ ಹೇಳಿದ್ದು ಯಾರು ಅಂತಲೇ ಗೊತ್ತಾಗುವುದಿಲ್ಲ.

ಉತ್ತರ 3:
ದುಡ್ಡು ಯಾಕೆ ಕೊಡ್ತೀರಿ ಸುಮ್ನೆ? ‘ಸ್ಟ್ಯಾಂಡರ್ಡ್ ಇಬುಕ್ಸ್’ ಅನ್ನೋ ವೆಬ್‌ಸೈಟ್ ನೋಡಿ. ಸ್ವಯಂಸೇವಕರು ಕೂತು ತಿದ್ದಿ ಕೊಡುತ್ತಾರೆ, ಉಚಿತ. ಕೊಂಡೇ ಕೊಳ್ಳುವುದಾದರೆ ಮೊದಲು ಸ್ಯಾಂಪಲ್ ಇಳಿಸಿಕೊಳ್ಳಿ. ಆದರೆ ಅದರಲ್ಲಿ ಬರುವುದು ಶುರುವಿನ ಪುಟಗಳು ಮಾತ್ರ, ಗೊಂಬೆಗಳ ತನಕ ಹೋಗುವುದೇ ಇಲ್ಲ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್. ರೀಫಂಡ್ ಕೇಳಿದ್ದೇನೆ, ನೋಡೋಣ.