ವಿಲೀನವಾದ ಜಿಲ್ಲೆಗಳ ಹಳೇ ಹೆಸರು ಎಲ್ಲಿ ಹೋಗುತ್ತದೆ?

ಪ್ರಶ್ನೆ: ನನಗೆ ಹಳೇ ನಕ್ಷೆಗಳ ಹುಚ್ಚು. ಜರ್ಮನಿಯ ಸ್ಯಾಕ್ಸನಿ ರಾಜ್ಯದ ಎರಡು ನಕ್ಷೆ ಪಕ್ಕಪಕ್ಕ ಹರಡಿಕೊಂಡು ಕೂತಿದ್ದೇನೆ. 2008ಕ್ಕೆ ಮೊದಲು 22 ಗ್ರಾಮಾಂತರ ಜಿಲ್ಲೆ, ಆಮೇಲೆ ಬರೀ 10. ಬೆರಳಿಟ್ಟು ಹುಡುಕಿದರೂ ಎಷ್ಟೋ ಗಡಿಗೆರೆಗಳು ಸಿಗುತ್ತಿಲ್ಲ. ಯಾಕೆ ಇಷ್ಟೊಂದು ಸೇರಿಸಿದರು? ಹಳೇ ಹೆಸರುಗಳು ಅಳಿಸಿಯೇ ಹೋದವಾ?

ಉತ್ತರ 1: ಜನ ಕಡಿಮೆಯಾಗಿದ್ದು ದೊಡ್ಡ ಕಾರಣ. 1990ರಲ್ಲಿ ಎರಡು ಜರ್ಮನಿಗಳು ಒಂದಾದ ನಂತರ, ಸ್ಯಾಕ್ಸನಿ ಇರುವ ಪೂರ್ವ ಭಾಗದಿಂದ ತುಂಬಾ ಜನ ಪಶ್ಚಿಮಕ್ಕೆ ಹೋದರು. ಆದರೂ ಪ್ರತಿ ಜಿಲ್ಲೆಗೂ ಕಚೇರಿ, ಸಿಬ್ಬಂದಿ ಬೇಕೇ ಬೇಕು ಅಲ್ವಾ?

ಉತ್ತರ 2: ಹೆಸರು ಅಷ್ಟು ಸುಲಭವಾಗಿ ಹೋಗುವುದಿಲ್ಲ. ಅಲ್ಲಿ ಗಾಡಿಯ ನಂಬರ್ ಪ್ಲೇಟ್ ಶುರುವಾಗುವುದೇ ಜಿಲ್ಲೆಯ ಅಕ್ಷರಗಳಿಂದ. ರೀಸಾ ಜಿಲ್ಲೆಗೆ 'ಆರ್‌ಐಇ' ಇತ್ತು. 1994ರಲ್ಲಿ ಆ ಜಿಲ್ಲೆ ಗ್ರೋಸನ್‌ಹೈನ್ ಜೊತೆ ಸೇರಿತು, 2008ರಲ್ಲಿ ಎರಡೂ ಮೈಸನ್‌ಗೆ ಸೇರಿದವು. 2012ರಲ್ಲಿ ನಂಬರ್ ಪ್ಲೇಟ್ ನಿಯಮ ಸಡಿಲವಾಯಿತು, ವಿಲೀನದಿಂದ ನಿಂತುಹೋಗಿದ್ದ ಹಳೇ ಅಕ್ಷರಗಳು ವಾಪಸ್ ಬಂದವು. ಸುಮ್ನೆ ಮೂರಕ್ಷರ ಅನ್ನಬೇಡಿ, ಜನರಿಗೆ ಅದು ತಮ್ಮ ಊರಿನ ಗುರುತು. ನನಗಂತೂ ಆ ನಿರ್ಧಾರ ತುಂಬಾ ಇಷ್ಟವಾಯಿತು.

ಪ್ರಶ್ನೆ ಕೇಳಿದವರು: ರೀಸಾ ಈಗ ಸಿಕ್ಕಿತು, ಎಲ್ಬೆ ನದಿಯ ದಡದಲ್ಲೇ ಇದೆ! ಹಾಗಾದರೆ 1994ಕ್ಕಿಂತ ಹಿಂದಿನ ನಕ್ಷೆಯೂ ಬೇಕು. ಇವತ್ತೇ ಹುಡುಕುತ್ತೇನೆ.